ಸರ್ಕಾರಿ ಕಾಲೇಜಲ್ಲಿ ಬಿಸಿಎ ಮಾಡ್ಬಹುದಾ? ಮೂರು ವರ್ಷ ಓದಿದವಳ ರಿವ್ಯೂ

ಪಿಯುಸಿ ಮುಗ್ಸಿ ಬಿಸಿಎ (ಕಂಪ್ಯೂಟರ್ ಡಿಗ್ರಿ) ಎಲ್ಲಿ ಮಾಡ್ಲಿ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೆ ಒಂದೇ ಸಲ ಬರ್ದುಬಿಡ್ತೀನಿ. ನಾನು ಓದಿದ್ದು ರಾಜ್ಯದ ಒಂದು ಯೂನಿವರ್ಸಿಟಿಗೆ ಸೇರಿದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ, ಹೆಸರು ಬೇಡ ಬಿಡಿ, 2021ರಲ್ಲಿ ಸೇರಿ 2024ರಲ್ಲಿ ಮುಗಿಸ್ದೆ. ಫೀಸ್ ವಿಷ್ಯಕ್ಕೆ ಮಾತೇ ಇಲ್ಲ, ಮೂರು ವರ್ಷಕ್ಕೂ ಸೇರ್ಸಿ ಕಟ್ಟಿದ್ದು ಪಕ್ಕದ ಪ್ರೈವೇಟ್ ಕಾಲೇಜಿನ ಒಂದು ಸೆಮಿಸ್ಟರ್ ಫೀಸಿಗಿಂತ ಕಮ್ಮಿ, ಅದ್ರ ಮೇಲೆ 2023 ಜೂನಲ್ಲಿ ಶಕ್ತಿ ಯೋಜನೆ ಬಂದು ದಿನಾ ಊರಿಂದ ಓಡಾಡೋ ನಮ್ಮಂಥ ಹುಡ್ಗೀರಿಗೆ ಬಸ್ ಪಾಸ್ ದುಡ್ಡೂ ಉಳೀತು.

ನಮ್ದು ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚ್. ಕೋರ್ಸ್ ಮೂರು ವರ್ಷನಾ ನಾಲ್ಕಾ ಅಂತ ಅಪ್ಪ ಕೇಳಿದ್ರೆ ಉತ್ತರ ಹೇಳೋಕೆ ನಂಗೇ ಒಂದು ಸೆಮ್ ಬೇಕಾಯ್ತು (ಮೂರಕ್ಕೆ ಡಿಗ್ರಿ, ಬೇಕಾದ್ರೆ ನಾಲ್ಕನೇದು ಆನರ್ಸ್, ಆಮೇಲೆ 2024ರಲ್ಲಿ ಸರ್ಕಾರ ವಾಪಸ್ ಮೂರೇ ವರ್ಷ ಅಂತು). ಸಿಲಬಸ್ ಬಗ್ಗೆ ಕಂಪ್ಲೇಂಟ್ ಇಲ್ಲ. ಸಿ, ಡೇಟಾ ಸ್ಟ್ರಕ್ಚರ್ಸ್, ಜಾವಾ, ಡಿಬಿಎಂಎಸ್ (ಡೇಟಾಬೇಸ್ ವಿಷ್ಯ), ಪೈಥಾನ್ ಎಲ್ಲಾ ಇತ್ತು.

ತೊಂದ್ರೆ ಇರೋದು ಲ್ಯಾಬಲ್ಲಿ. ಸಿ ಪ್ರೋಗ್ರಾಮ್ ಬರೆಯೋಕೆ ನೀಲಿ ಸ್ಕ್ರೀನಿನ ಟರ್ಬೋ ಸಿ ಅನ್ನೋ ಹಳೇ ಸಾಫ್ಟ್‌ವೇರ್, ಮೌಸೂ ಸರಿಯಾಗಿ ಓಡಲ್ಲ, ಎರಡು ಮೂರು ಜನಕ್ಕೆ ಒಂದು ಸಿಸ್ಟಮ್, ಟೈಪ್ ಮಾಡೋದು ಯಾವಾಗ್ಲೂ ಅದೇ ಒಬ್ಬ ಹುಡುಗ. ವಾಯ್ಡ್ ಮೇನ್, ಕೋನಿಯೋ ಡಾಟ್ ಹೆಚ್, ಕ್ಲಿಯರ್ ಸ್ಕ್ರೀನ್ ಇಷ್ಟು ಸಾಲು ಹಾಕ್ಲಿಲ್ಲ ಅಂದ್ರೆ ಅದು ಪ್ರೋಗ್ರಾಮೇ ಅಲ್ಲ ಅನ್ಕೊಂಡಿದ್ದೆ. ಮನೇಗ್ ಬಂದು ಮೊಬೈಲ್ ಕಂಪೈಲರಲ್ಲಿ (ಪ್ರೋಗ್ರಾಮ್ ಓಡಿಸೋ ಆ್ಯಪಲ್ಲಿ) ಅದನ್ನೇ ಹಾಕಿದ್ರೆ ಕೋನಿಯೋ ಸಿಗ್ತಿಲ್ಲ ಅಂತ ಎರರ್, ನಂದೇ ತಪ್ಪು ಅಂತ ಒಂದು ವಾರ ತಲೆ ಕೆಡಿಸ್ಕೊಂಡಿದೀನಿ, ಅದು ಹಳೇ ಟರ್ಬೋ ಸಿ ಥರದ ಕಂಪೈಲರ್‌ಗಳಲ್ಲಿ ಇರೋ ಫೈಲು, ಸಿ ಸ್ಟ್ಯಾಂಡರ್ಡಲ್ಲೇ ಇಲ್ಲ ಅಂತ ಯಾರೂ ಹೇಳಿರ್ಲಿಲ್ಲ. ಲ್ಯಾಬ್ ರೆಕಾರ್ಡ್ ಪುಸ್ತಕ ಮಾತ್ರ ನೀಟಾಗಿರ್ಬೇಕು. ಬಲಗಡೆ ಪೆನ್ನಲ್ಲಿ ಪ್ರೋಗ್ರಾಮ್, ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲಲ್ಲಿ ಔಟ್‌ಪುಟ್. ರನ್ನೇ ಆಗದಿರೋ ಪ್ರೋಗ್ರಾಮಿಗೂ ಔಟ್‌ಪುಟ್ ಬರ್ದು ಸೈನ್ ಹಾಕಿಸ್ಕೊಂಡಿದೀನಿ, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಮೇಷ್ಟ್ರು ವಿಷ್ಯದಲ್ಲಿ ನಾನು ಲಕ್ಕಿ. ಡಿಬಿಎಂಎಸ್‌ಗೆ ಬರ್ತಿದ್ದ ಗೆಸ್ಟ್ ಲೆಕ್ಚರರ್ ನಾರ್ಮಲೈಸೇಶನ್ (ಒಂದೇ ಮಾಹಿತಿ ಹತ್ತು ಕಡೆ ಬರೀದೆ ಟೇಬಲ್ ಬೇರೆ ಬೇರೆ ಮಾಡೋದು) ಹೇಳ್ಕೊಟ್ಟಿದ್ದು ರೇಷನ್ ಕಾರ್ಡ್ ಇಟ್ಕೊಂಡು. ಮನೇಲಿ ಆರು ಜನ, ಆರು ಹೆಸ್ರ ಮುಂದೂ ಅದೇ ಅಡ್ರೆಸ್ ಬರ್ದ್ರೆ ನಾಳೆ ಮನೆ ಬದಲಾಯ್ಸಿದಾಗ ಆರು ಕಡೆ ತಿದ್ದಬೇಕಲ್ಲಮ್ಮಾ, ಒಂದ್ಕಡೆ ಮರೆತ್ರೆ? ಅಷ್ಟೇ, ಕನ್ನಡ ಮೀಡಿಯಂನಿಂದ ಬಂದ ನಂಗೆ ಆ ಚಾಪ್ಟರ್ ಇವತ್ತಿಗೂ ಮರ್ತಿಲ್ಲ. ಇಂಥವರಿಗೇ ಸಂಬಳ, ಕಾಯಂ ಕೆಲ್ಸ ಎರಡೂ ಸರಿಯಿಲ್ಲ, 2021ರ ಕೊನೇಲಿ ಒಂದ್ಸಲ, 2023ರ ಕೊನೇಲಿ ಮತ್ತೊಂದ್ಸಲ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ಸ್ಟ್ರೈಕ್‌ಗೆ ಕೂತಾಗ ನಮ್ ಕ್ಲಾಸ್ ರೂಮ್ ಖಾಲಿ. ಅವ್ರ ಮೇಲೆ ಸಿಟ್ಟು ಬರ್ಲಿಲ್ಲ, ಸಿಲಬಸ್ ಮಾತ್ರ ಯೂಟ್ಯೂಬಲ್ಲಿ, ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಫ್ರೀ ವಿಡಿಯೋದಲ್ಲಿ ಮುಗಿಸ್ಕೊಂಡ್ವಿ.

ಪ್ಲೇಸ್‌ಮೆಂಟ್ ಅಂತ ಕೇಳ್ಬೇಡಿ, ನಮ್ ಕಾಲೇಜಿಗೆ ಯಾವ ಕಂಪ್ನಿನೂ ಬರ್ಲಿಲ್ಲ, ನಾನೇ ಬೆಂಗ್ಳೂರಿಗೆ ಹೋಗಿ ಹುಡ್ಕಿದ್ದು. ಮೊದಲ್ನೇ ಇಂಟರ್‌ವ್ಯೂಲಿ ಪೇಪರ್ ಮೇಲೆ ಕೋಡ್ ಬರೀರಿ ಅಂದ್ರು, ಅಭ್ಯಾಸಬಲದಿಂದ ಅದೇ ಟರ್ಬೋ ಸಿ ಕ್ಲಿಯರ್ ಸ್ಕ್ರೀನ್ ಹಾಕ್ದೆ, ಆ ಮನುಷ್ಯ ನಕ್ಕೇಬಿಟ್ರು. ಕೆಲ್ಸ ಸಿಕ್ಕಿದ್ದು ಮೂರ್ನೇ ಕಡೆ, ಅಲ್ಲಿ ಕೇಳಿದ್ದು ನಾರ್ಮಲೈಸೇಶನ್.

ಐದಕ್ಕೆ ಮೂರೂವರೆ ಕೊಡ್ತೀನಿ, ಆ ಅರ್ಧ ರೇಷನ್ ಕಾರ್ಡ್ ಸರ್‌ಗೆ. ತಮ್ಮನೂ ಅದೇ ಕಾಲೇಜಿಗೆ ಸೇರಿದಾನೆ, ನಾನೇ ಸೇರ್ಸಿದ್ದು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡ್ಸಿದೀನಿ, ಯಾಕಂದ್ರೆ ಲ್ಯಾಬಲ್ಲಿ ಆ ನೀಲಿ ಸ್ಕ್ರೀನ್ ಇನ್ನೂ ಇದ್ಯಂತೆ.