ಸುಳ್ಳು ಪತ್ತೆ ಕಲಿಸೋ ಆನ್‌ಲೈನ್ ಕೋರ್ಸ್: ಇಂಟರ್‌ವ್ಯೂ ಪಾಠ ನೋಡಿ, ಮುಖ ಓದೋ ಪಾಠ ಬಿಟ್ಬಿಡಿ

ಸೆಕ್ಯುರಿಟಿಯವರು, ಎಚ್‌ಆರ್‌ನವರು, ವಕೀಲರು, ತನಿಖೆ ಮಾಡೋರು ಇವರಿಗೆಲ್ಲ ಅಂತ ಮಾರ್ತಿರೋ ಒಂದು ಕೋರ್ಸ್ ಮುಗಿಸಿದೆ, ಎದುರಿಗೆ ಕೂತಿರೋರು ಸುಳ್ಳು ಹೇಳ್ತಿದ್ದಾರಾ ಅಂತ ಮುಖ ನೋಡಿನೇ ಹೇಳ್ಬಹುದು ಅನ್ನೋದು ಅವರ ಜಾಹೀರಾತು. ಕಂಪನಿ ಹೆಸರು ಹಾಕಲ್ಲ, ಇದೇ ಪಾಠನ ಇದೇ ತರ ಕಲಿಸೋರು ತುಂಬಾ ಜನ ಇದ್ದಾರೆ, ನಾನು ಬರೆಯೋದು ಅವರೆಲ್ಲರಿಗೂ ಸೇರುತ್ತೆ. ನನ್ನ ಕೆಲಸ ಸಂಸ್ಥೆ ಒಳಗಿನ ವಿಚಾರಣೆ, ಅಂದ್ರೆ ಸಾಮಾನು ಕಾಣೆಯಾದಾಗ, ಬಿಲ್ ತಿದ್ದಿದಾರೆ ಅಂತ ಗೊತ್ತಾದಾಗ, ಯಾರಾದ್ರೂ ದೂರು ಕೊಟ್ಟಾಗ ಸಂಬಂಧಪಟ್ಟೋರನ್ನ ಕೂರಿಸಿ ಮಾತಾಡಿಸಿ ರಿಪೋರ್ಟ್ ಬರೆಯೋದು. ಆ ರಿಪೋರ್ಟ್ ಮೇಲೆ ಒಬ್ಬರ ಕೆಲಸ, ಅವರ ಮನೆ ಎಲ್ಲ ನಿಂತಿರುತ್ತೆ, ಅದಕ್ಕೇ ಈ ಕೋರ್ಸ್ ಬಗ್ಗೆ ಸ್ವಲ್ಪ ಉದ್ದನೇ ಬರೀತಿದೀನಿ.

ವಿಡಿಯೋ ಕ್ವಾಲಿಟಿ ಚೆನ್ನಾಗಿದೆ, ಸೌಂಡ್ ಸ್ಪಷ್ಟ, ಹೇಳ್ಕೊಡೋರು ಎಲ್ಲೂ ಬೋರ್ ಹೊಡಿಸಲ್ಲ, ಆ್ಯಪ್ ಎಲ್ಲೂ ಕೈ ಕೊಡ್ಲಿಲ್ಲ. ಆ ವಿಷಯದಲ್ಲಿ ದೂರಿಲ್ಲ.

ತೊಂದ್ರೆ ಪಾಠದಲ್ಲೇ ಇದೆ. ಮೊದಲ ಅರ್ಧ ಪೂರ್ತಿ ಬಾಡಿ ಲ್ಯಾಂಗ್ವೇಜ್. ಕಣ್ಣು ತಪ್ಪಿಸಿದ್ರೆ ಸುಳ್ಳು, ಮೂಗು ಮುಟ್ಟಿದ್ರೆ ಸುಳ್ಳು, ಕಣ್ಣು ಮೇಲೆ ಬಲಕ್ಕೆ ಹೋದ್ರೆ ಕಥೆ ಕಟ್ತಿದಾರೆ ಅಂತ ಅರ್ಥ. ಸುಳ್ಳು ಹೇಳೋರು ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ ಅಂತ ಹೆಚ್ಚುಕಮ್ಮಿ ಎಲ್ಲಾ ದೇಶದೋರೂ ನಂಬ್ತಾರೆ, 58 ದೇಶದಲ್ಲಿ ಜನರನ್ನ ಕೇಳಿದಾಗ ಅತಿ ಹೆಚ್ಚು ಜನ ಹೇಳಿದ ಗುರುತು ಇದೇನೇ, 2006ರಲ್ಲಿ ಆ ಅಧ್ಯಯನ ಬಂತು. ಆದ್ರೆ ಅಷ್ಟು ಜನ ನಂಬಿದ ಮಾತ್ರಕ್ಕೆ ಅದು ನಿಜ ಆಗಲ್ಲ ಅಲ್ವಾ. 2003ರಲ್ಲೇ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪೌಲೊ ಮತ್ತೆ ಅವರ ಜೊತೆಯವರು 158 ಗುರುತುಗಳನ್ನ ಒಟ್ಟಿಗೆ ಹಾಕಿ ನೋಡಿದ್ರು, ಬಹಳಷ್ಟಕ್ಕೂ ಸುಳ್ಳಿಗೂ ಸಂಬಂಧನೇ ಇಲ್ಲ, ಇದ್ದಿದ್ದಕ್ಕೂ ತುಂಬಾ ಸಣ್ಣ ಸಂಬಂಧ. ಕಣ್ಣು ಬಲಕ್ಕೆ ಎಡಕ್ಕೆ ಅನ್ನೋ ಥಿಯರಿನ 2012ರಲ್ಲಿ ರಿಚರ್ಡ್ ವೈಸ್‌ಮನ್ ತಂಡ ನೇರವಾಗೇ ಟೆಸ್ಟ್ ಮಾಡ್ತು, ಯಾವ ಆಧಾರನೂ ಸಿಗಲಿಲ್ಲ. ಮೈಕ್ರೋ ಎಕ್ಸ್‌ಪ್ರೆಶನ್, ಅಂದ್ರೆ ಮುಖದ ಮೇಲೆ ಕ್ಷಣಮಾತ್ರ ಬಂದು ಹೋಗೋ ಭಾವಕ್ಕೆ ಒಂದು ದೊಡ್ಡ ಮಾಡ್ಯೂಲೇ ಇಟ್ಟಿದಾರೆ, ಅದರ ಮೇಲೆ 2008ರಲ್ಲಿ ಸ್ಟೀಫನ್ ಪೋರ್ಟರ್, ಲಿಯಾನ್ ಟೆನ್ ಬ್ರಿಂಕ್ ಮಾಡಿದ ಕೆಲಸದಲ್ಲಿ 697 ಮುಖಭಾವ ಫ್ರೇಮ್ ಫ್ರೇಮ್ ನೋಡಿದ್ರೆ ಇಂಥದ್ದು ಸಿಕ್ಕಿದ್ದು 14, ಅದೂ ಪೂರ್ತಿ ಮುಖದಲ್ಲಿ ಅಲ್ಲ, ಮುಖದ ಒಂದು ಭಾಗದಲ್ಲಿ ಮಾತ್ರ, ಅದರಲ್ಲೂ ನಿಜವಾದ ಭಾವನೆ ತೋರಿಸ್ತಿದ್ದ ಮುಖದಲ್ಲೂ ಕೆಲವು ಬಂದಿದ್ವು. ಇಷ್ಟು ಅಪರೂಪಕ್ಕೆ ಬರೋದನ್ನ ಕಾಯ್ಕೊಂಡು ಕೂತ್ರೆ ಎದುರಿನೋರು ಹೇಳ್ತಿರೋ ಮಾತು ಯಾರು ಕೇಳಿಸ್ಕೋತಾರೆ ಹೇಳಿ.

ಇದರಲ್ಲಿ ಒಂದು ಅಭ್ಯಾಸದ ವಿಡಿಯೋ ಬಗ್ಗೆ ಹೇಳಲೇಬೇಕು. ಒಬ್ಬ ಹೆಂಗಸನ್ನ ಕೂರಿಸಿ ದುಡ್ಡು ಕಾಣೆಯಾದ ಬಗ್ಗೆ ಕೇಳ್ತಾರೆ, ಕ್ಯಾಮೆರಾ ಹತ್ರ ಇದೆ, ಆಕೆ ಎರಡು ಸಲ ಎಂಜಲು ನುಂಗ್ತಾರೆ, ಕತ್ತಿನ ಹತ್ರ ಕೈ ತಗೊಂಡ್ ಹೋಗ್ತಾರೆ, "ನಾನ್ ತಗೊಂಡಿಲ್ಲ ಸಾರ್" ಅಂದು ಟೇಬಲ್ ಕಡೆ ನೋಡ್ತಾರೆ. ಉತ್ತರದ ಪುಟದಲ್ಲಿ ಮೂರು ಟಿಕ್ ಮಾರ್ಕ್ ಹಾಕಿ ಸುಳ್ಳು ಅಂತ ಬರೆದಿದಾರೆ. ಆಕೆ ಹೇಳಿದ್ದು ಸುಳ್ಳು ಅಂತ ಬೇರೆ ಯಾವ ಸಾಕ್ಷಿಯಿಂದ ಗೊತ್ತಾಯ್ತು ಅನ್ನೋದು ಎಲ್ಲೂ ಇಲ್ಲ. ನಾನು ಕೆಲಸದಲ್ಲಿ ನೋಡಿರೋ ಮಟ್ಟಿಗೆ, ಮಾಡದೇ ಇರೋ ಕಳ್ಳತನದ ಬಗ್ಗೆ ಮೇಲಿನೋರು ಕರೆಸಿ ಕೇಳಿದಾಗ ಬಾಯಿ ಒಣಗೋದು, ಕೈ ನಡುಗೋದು, ತಲೆ ತಗ್ಗಿಸೋದು ದಿನಾ ಆಗೋ ವಿಷಯ. ಭಯ ಕಾಣುತ್ತೆ, ಯಾತರ ಭಯ ಅನ್ನೋದು ಮುಖದ ಮೇಲೆ ಬರೆದಿರಲ್ಲ. ಚಿಕ್ಕ ಕೆಲಸದಲ್ಲಿರೋರು, ಮಾತು ತೊದಲೋರು, ಆ ಭಾಷೆ ಸರಿಯಾಗಿ ಬರದೇ ಇರೋರು, ಇವರೆಲ್ಲ ಇಂಥ ಲಿಸ್ಟ್‌ನಲ್ಲಿ ಮೊದಲು ಸಿಕ್ಕಿಬೀಳ್ತಾರೆ, ಅದು ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಹಾಗಾದ್ರೆ ಮನುಷ್ಯರು ಎಷ್ಟು ಸರಿ ಹೇಳ್ತಾರೆ? ಚಾರ್ಲ್ಸ್ ಬಾಂಡ್ ಮತ್ತು ಡಿಪೌಲೊ 2006ರಲ್ಲಿ 24,000ಕ್ಕೂ ಹೆಚ್ಚು ಜನರ ತೀರ್ಮಾನಗಳನ್ನ ಕೂಡಿಸಿ ನೋಡಿದಾಗ ಬಂದಿದ್ದು ಸರಾಸರಿ 54 ಪರ್ಸೆಂಟ್. ಸುಮ್ನೆ ಊಹೆ ಮಾಡಿದ್ರೇ 50 ಬರುತ್ತೆ. ಪೊಲೀಸರು, ಜಡ್ಜ್‌ಗಳು, ಕಸ್ಟಮ್ಸ್‌ನೋರು ಒಟ್ಟಾರೆ ನೋಡಿದ್ರೆ ಉಳಿದೋರಿಗಿಂತ ಮೇಲೇನಿಲ್ಲ. ಕೋರ್ಸ್‌ನಲ್ಲಿ ಈ ನಂಬರ್ ಹೇಳ್ತಾರೆ, ಸುಳ್ಳಲ್ಲ, ಆದ್ರೆ ನಮ್ಮ ಟ್ರೈನಿಂಗ್ ತಗೊಂಡ್ರೆ ಮೇಲೇರುತ್ತೆ ಅಂತ ಅಲ್ಲಿಂದಲೇ ಮಾರಾಟ ಶುರು ಮಾಡ್ತಾರೆ. 1999ರಲ್ಲಿ ಸಾಲ್ ಕ್ಯಾಸಿನ್, ಕ್ರಿಸ್ಟಿನಾ ಫಾಂಗ್ ಸೇರ್ಕೊಂಡು ಸ್ಟೂಡೆಂಟ್ಸ್‌ಗೆ ಪೊಲೀಸರು ಬಳಸೋ ಇಂಥದ್ದೇ ಗುರುತುಗಳ ಟ್ರೈನಿಂಗ್ ಕೊಟ್ಟು ನೋಡಿದ್ರು, ಟ್ರೈನಿಂಗ್ ತಗೊಂಡೋರು ತಗೊಳ್ದೇ ಇದ್ದೋರಿಗಿಂತ ಕಮ್ಮಿ ಸರಿ ಹೇಳಿದ್ರು, ಆದ್ರೆ ತಾವು ಸರಿ ಅನ್ನೋ ನಂಬಿಕೆ ಜಾಸ್ತಿ ಇತ್ತು, ಕಾರಣ ಕೊಡೋದೂ ಜಾಸ್ತಿ. ವಿಚಾರಣೆ ಮಾಡೋರಿಗೆ ಇದಕ್ಕಿಂತ ಅಪಾಯ ಇನ್ನೊಂದಿಲ್ಲ, ಯಾಕಂದ್ರೆ ಇವರೇ ಕಳ್ಳ ಅಂತ ಒಂದ್ಸಲ ಮನಸ್ಸಲ್ಲಿ ಕೂತ್ರೆ ಆಮೇಲೆ ಕೇಳೋ ಪ್ರಶ್ನೆ, ದನಿ ಎಲ್ಲ ಅದಕ್ಕೆ ತಕ್ಕ ಹಾಗೆ ಬಿಗಿಯಾಗುತ್ತೆ, ಎದುರಿನೋರು ಇನ್ನೂ ಹೆದರ್ತಾರೆ, ಆ ಹೆದರಿಕೆನೇ ಮತ್ತೆ ಸಾಕ್ಷಿ ಆಗ್ಬಿಡುತ್ತೆ.

ಏರ್‌ಪೋರ್ಟ್ ಸೆಕ್ಯುರಿಟಿ ಪಾಠದಲ್ಲಿ ಅಮೆರಿಕದ ಏರ್‌ಪೋರ್ಟ್ ಭದ್ರತೆ ನೋಡ್ಕೊಳ್ಳೋ ಟಿಎಸ್‌ಎ ಮಾಡಿದ, ಪ್ರಯಾಣಿಕರ ನಡವಳಿಕೆ ನೋಡಿ ಅನುಮಾನ ಬರೋರನ್ನ ಹುಡುಕೋ ಸ್ಪಾಟ್ ಕಾರ್ಯಕ್ರಮನ ಮಾದರಿ ಅಂತ ತೋರಿಸಿದಾರೆ. ಅದೇ ದೇಶದ ಸರ್ಕಾರಿ ಲೆಕ್ಕ ಪರಿಶೀಲನೆ ಸಂಸ್ಥೆ ಜಿಎಒ 2013ರಲ್ಲಿ, 2007ರಿಂದ ಸುಮಾರು 90 ಕೋಟಿ ಡಾಲರ್ ಖರ್ಚಾಗಿದೆ, ಇಂಥ ಗುರುತು ನೋಡಿ ಅಪಾಯ ಇರೋರನ್ನ ಕಂಡುಹಿಡೀಬಹುದು ಅನ್ನೋಕೆ ಆಧಾರ ಇಲ್ಲ, ಇನ್ಮುಂದೆ ದುಡ್ಡು ಕಡಿಮೆ ಮಾಡಿ ಅಂತ ರಿಪೋರ್ಟ್ ಕೊಡ್ತು. ಆ ರಿಪೋರ್ಟ್ ವಿಷಯ ಪಾಠದಲ್ಲಿ ಒಂದು ಸಾಲೂ ಇಲ್ಲ, ಇದು ಸಣ್ಣ ಲೋಪ ಅಲ್ಲ.

ಮಷಿನ್‌ಗಳ ಭಾಗ ಪರವಾಗಿಲ್ಲ. ಸುಳ್ಳು ಪತ್ತೆ ಮಷಿನ್ ಅಂತ ಕರೆಯೋ ಪಾಲಿಗ್ರಾಫ್ ಅಳೆಯೋದು ಉಸಿರು, ಬಿಪಿ, ಬೆವರು ಇಷ್ಟನ್ನೇ, ಸುಳ್ಳನ್ನಲ್ಲ ಅಂತ ನೇರವಾಗಿ ಹೇಳಿದಾರೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಳಗೇ ಇದ್ದು ಸೋವಿಯತ್ ಒಕ್ಕೂಟಕ್ಕೆ, ಆಮೇಲೆ ರಷ್ಯಾಗೆ ಬೇಹುಗಾರಿಕೆ ಮಾಡ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ಪಾಸಾಗಿ 1994ರಲ್ಲಿ ಸಿಕ್ಕಿಬಿದ್ದ ವಿಷಯನೂ ಇದೆ. ಕೋರ್ಟ್ ವಿಷಯದಲ್ಲಿ ಸುಳ್ಳು ಪತ್ತೆ ಟೆಸ್ಟನ್ನ ಸಾಕ್ಷಿ ಅಂತ ಅಮೆರಿಕದ ಕೋರ್ಟ್ ಒಪ್ಪದೇ ಇದ್ದ 1923ರ ಫ್ರೈ ಕೇಸ್ ಹೇಳಿ ನಿಲ್ಲಿಸಿದಾರೆ, ಒಪ್ಪಿಗೆ ಇಲ್ದೇ ಯಾರ ಮೇಲೂ ಪಾಲಿಗ್ರಾಫ್, ನಾರ್ಕೋ, ಬ್ರೈನ್ ಮ್ಯಾಪಿಂಗ್ ಮಾಡೋ ಹಾಗಿಲ್ಲ ಅಂತ ಭಾರತದ ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ಕೇಸಲ್ಲಿ ಹೇಳಿದ್ದು ಸೇರಿಸಬೇಕಿತ್ತು, ವಕೀಲರಿಗೆ ಅಂತ ಮಾರೋ ಕೋರ್ಸ್ ಅಲ್ವಾ.

ಇನ್ನು ಇಂಟರ್‌ವ್ಯೂ ಮಾಡ್ಯೂಲ್. ಇದು ತುಂಬಾ ಒಳ್ಳೇದಿದೆ, ಮನಸ್ಸಾರೆ ಹೇಳ್ತಿದೀನಿ, ಇದೊಂದಕ್ಕೋಸ್ಕರ ಕೋರ್ಸ್ ತಗೋಬಹುದು. ಇಲ್ಲಿ ಮುಖ ನೋಡೋದು ಬಿಟ್ಟು ಪ್ರಶ್ನೆ ಹೇಗೆ ಕೇಳೋದು ಅಂತ ಕಲಿಸ್ತಾರೆ. ಮಾರಿಯಾ ಹಾರ್ಟ್‌ವಿಗ್, ಪರ್ ಆಂಡರ್ಸ್ ಗ್ರಾನ್‌ಹಾಗ್ ಇವರು ಬೆಳೆಸಿದ ಪದ್ಧತಿ, ಕೈಯಲ್ಲಿರೋ ಸಾಕ್ಷಿನ ಮೊದಲೇ ಮುಂದಿಡಬೇಡಿ ಅನ್ನೋದು ಅದರ ತಿರುಳು. ರೋಲ್‌ಪ್ಲೇ ಹೀಗಿದೆ, ಸ್ಟೋರ್ ರೂಮಿಂದ ಲ್ಯಾಪ್‌ಟಾಪ್ ಹೋಗಿದೆ, ಒಬ್ಬರ ಕಾರ್ಡ್ ಸಂಜೆ ಆರು ಗಂಟೆಗೆ ಆ ಬಾಗಿಲಲ್ಲಿ ಸ್ವೈಪ್ ಆಗಿದೆ. ಸಾಮಾನ್ಯವಾಗಿ ನಾವೇನ್ ಮಾಡ್ತೀವಿ, ಲಾಗ್ ತೆಗೆದು ಟೇಬಲ್ ಮೇಲಿಟ್ಟು "ಇದಕ್ಕೇನ್ ಹೇಳ್ತೀರಾ" ಅಂತೀವಿ, ತಪ್ಪು ಮಾಡಿದೋರು ಆ ಲಾಗ್‌ಗೆ ಹೊಂದೋ ಕಥೆ ಅಲ್ಲೇ ಕಟ್ತಾರೆ. ಇಲ್ಲಿ ಟ್ರೈನರ್ ಲಾಗ್ ಫೈಲಲ್ಲೇ ಇಟ್ಕೊಂಡು "ನಿನ್ನೆ ಕೆಲಸ ಮುಗಿದ ಮೇಲೆ ಏನೇನ್ ಮಾಡಿದ್ರಿ, ನಿಧಾನಕ್ಕೆ ಹೇಳಿ" ಅಂತ ಶುರು ಮಾಡಿ ಪೂರ್ತಿ ಹೇಳೋಕೆ ಬಿಡ್ತಾರೆ, ಆಮೇಲೆ "ಆ ಕಡೆ ಬ್ಲಾಕಿಗೆ ಹೋಗೋ ಕೆಲಸ ಇತ್ತಾ", ಆಮೇಲೆ "ನಿಮ್ಮ ಕಾರ್ಡ್ ಬೇರೆ ಯಾರಾದ್ರೂ ತಗೊಂಡಿದ್ರಾ". ತಪ್ಪು ಮಾಡದೇ ಇರೋರು "ಹೌದು, ಸ್ಟೋರ್‌ಗೂ ಹೋಗಿದ್ದೆ, ಟೇಪ್ ಬೇಕಿತ್ತು" ಅಂತ ತಾವಾಗೇ ಹೇಳ್ಬಿಡ್ತಾರೆ. ಮುಚ್ಚಿಡೋರು ಆ ಬ್ಲಾಕ್ ಕಡೆ ಹೋಗೇ ಇಲ್ಲ ಅಂತಾರೆ, ಕಾರ್ಡ್ ತನ್ನ ಹತ್ರನೇ ಇತ್ತು ಅಂತಾನೂ ಹೇಳಿರ್ತಾರೆ, ಆಗ ಲಾಗ್ ತೋರಿಸಿದ್ರೆ ಮಾತಿಗೂ ಸಾಕ್ಷಿಗೂ ತಾಳೆ ಆಗದೇ ಇರೋದು ಪೇಪರ್ ಮೇಲೆ ಬರುತ್ತೆ. ಯಾರೂ ಯಾರ ಮುಖನೂ ಓದೋ ಅವಶ್ಯಕತೆ ಬರಲ್ಲ. 2006ರ ಹಾರ್ಟ್‌ವಿಗ್, ಗ್ರಾನ್‌ಹಾಗ್ ಅವರ ಪ್ರಯೋಗದಲ್ಲಿ ಈ ತರ ಟ್ರೈನಿಂಗ್ ತಗೊಂಡ ಪೊಲೀಸ್ ಟ್ರೈನಿಗಳು 85 ಪರ್ಸೆಂಟ್ ಸರಿ ಹೇಳಿದ್ರು, ತಗೊಳ್ದೇ ಇದ್ದೋರು 56.

ಮನಶ್ಶಾಸ್ತ್ರಜ್ಞ ಆಲ್ಡರ್ಟ್ ವ್ರಿಜ್ ಅವರ ಕೆಲಸನೂ ಸೇರಿಸಿದಾರೆ, ನಡೆದಿದ್ದನ್ನ ಕೊನೆಯಿಂದ ಮೊದಲಿನವರೆಗೆ ಹೇಳಿಸೋದು, ರೂಮಿನ ಚಿತ್ರ ಬರೆಸೋದು, ಎದುರಿನೋರು ಉತ್ತರ ರೆಡಿ ಮಾಡ್ಕೊಂಡು ಬಂದಿರದ ಪ್ರಶ್ನೆ ಕೇಳೋದು. ಕಥೆ ಕಟ್ಟಿಕೊಂಡು ಬಂದೋರಿಗೆ ಇದು ಕಷ್ಟ. ಥಾಮಸ್ ಆರ್ಮರಾಡ್, ಕೋರಲ್ ಡ್ಯಾಂಡೊ 2015ರಲ್ಲಿ ಪ್ರಕಟಿಸಿದ ಏರ್‌ಪೋರ್ಟ್ ಪ್ರಯೋಗದ ವಿಡಿಯೋ ನನಗೆ ತುಂಬಾ ಹಿಡಿಸ್ತು, ಸುಳ್ಳು ಹೇಳೋಕೆ ಅಂತಲೇ ಕಳಿಸಿದ್ದ ಪ್ರಯಾಣಿಕರಲ್ಲಿ ಗುರುತು ನೋಡೋ ಪದ್ಧತಿಯೋರು 5 ಪರ್ಸೆಂಟ್ ಕೂಡ ಹಿಡೀಲಿಲ್ಲ, ಸ್ನೇಹದಿಂದ ಮಾತಾಡಿಸ್ತಾ ಚೆಕ್ ಮಾಡೋಕೆ ಆಗೋ ಸಣ್ಣ ಪ್ರಶ್ನೆ ಕೇಳಿದೋರು 66 ಪರ್ಸೆಂಟ್ ಹಿಡಿದ್ರು. ಈ ವಿಡಿಯೋದಲ್ಲಿ ಮಾತಾಡಿಸೋ ಆಫೀಸರ್ ದನಿ ಗಮನಿಸಿ, ಎಲ್ಲೂ ಜೋರಿಲ್ಲ, ಪ್ರಯಾಣಿಕರಿಗೆ ವಿಚಾರಣೆ ಅಂತ ಅನ್ಸೋದೇ ಇಲ್ಲ.

ಬೇಜಾರೇನಂದ್ರೆ ಇಷ್ಟು ಒಳ್ಳೇ ಭಾಗಕ್ಕೆ ಸಮಯ ಕಮ್ಮಿ ಕೊಟ್ಟಿದಾರೆ, ನೀವು ಮಾಡಿದ ಇಂಟರ್‌ವ್ಯೂ ರೆಕಾರ್ಡ್ ಕಳಿಸಿ ಫೀಡ್‌ಬ್ಯಾಕ್ ತಗೊಳ್ಳೋ ವ್ಯವಸ್ಥೆನೇ ಇಲ್ಲ, ಕೊನೇ ಪರೀಕ್ಷೆ ಪ್ರಶ್ನೆಗಳೆಲ್ಲ ಮೂಗು, ಕಣ್ಣು, ಕೈ ಬಗ್ಗೆನೇ. ಸರ್ಟಿಫಿಕೇಟ್ ಮೇಲೆ "ಸುಳ್ಳು ಪತ್ತೆ ತಜ್ಞ" ಅಂತ ಪ್ರಿಂಟ್ ಮಾಡ್ತಾರೆ. ದಯವಿಟ್ಟು ಅದನ್ನ ಯಾವ ರಿಪೋರ್ಟ್‌ಗೂ ಲಗತ್ತಿಸಬೇಡಿ. ವಿಚಾರಣೆ ಎದುರಿಸ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಮೇಲಿನ ರಿಪೋರ್ಟಲ್ಲಿ "ಕಣ್ಣು ತಪ್ಪಿಸಿದರು, ತಡವರಿಸಿದರು" ಅಂತ ಬರೆದಿದ್ರೆ ಅದಕ್ಕೆ ಆಧಾರ ಏನು ಅಂತ ಲಿಖಿತವಾಗಿ ಕೇಳಿ.

ಐದಕ್ಕೆ ಎರಡು ಸ್ಟಾರ್, ಎರಡೂ ಇಂಟರ್‌ವ್ಯೂ ಮಾಡ್ಯೂಲ್‌ಗೆ. ತಗೊಂಡಿರೋರು ಕೊನೇ ಮಾಡ್ಯೂಲಿಂದ ಶುರು ಮಾಡಿ, ಲ್ಯಾಪ್‌ಟಾಪ್ ರೋಲ್‌ಪ್ಲೇನ ಸಹೋದ್ಯೋಗಿ ಜೊತೆ ಪಾತ್ರ ಬದಲಾಯಿಸ್ಕೊಂಡು ಮಾಡಿ ನೋಡಿ, ಆರೋಪ ಹೊತ್ತ ಕುರ್ಚಿಲಿ ಕೂತಾಗ ತುಂಬಾ ವಿಷಯ ಅರ್ಥ ಆಗುತ್ತೆ. ಆ ಹೆಂಗಸಿನ ವಿಡಿಯೋ ತೆಗೀರಿ, ಜಿಎಒ ರಿಪೋರ್ಟ್ ಸೇರಿಸಿ, ಪರೀಕ್ಷೆ ಬದಲಾಯಿಸಿ ಅಂತ ಕೋರ್ಸ್‌ನವರಿಗೆ ಬರೆದಿದೀನಿ, ಉತ್ತರ ಬಂದ್ರೆ ಇಲ್ಲೇ ಅಪ್‌ಡೇಟ್ ಮಾಡ್ತೀನಿ.