ಹಾಳಾದ ಪ್ರತಿಯನ್ನೂ ಕೈಗೆ ಕೊಡುವ ಜೆರಾಕ್ಸ್ ಅಂಗಡಿ

ಹಿಂದೊಮ್ಮೆ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು ಬಿಚ್ಚಿದರೆ, ಸುತ್ತಿದ್ದ ಕಾಗದ ಯಾರದೋ ಆಧಾರ್ ಪ್ರತಿ. ಎಣ್ಣೆಯಲ್ಲಿ ನೆನೆದಿದ್ದರೂ ಹನ್ನೆರಡು ಅಂಕಿಗಳನ್ನೂ ಓದಬಹುದಿತ್ತು. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವನು ನಾನು. ಅಂದಿನಿಂದ ಜೆರಾಕ್ಸ್ ಅಂಗಡಿಗೆ ಹೋದರೆ, ಹಾಳಾದ ಪ್ರತಿಯನ್ನು ಎಲ್ಲಿಗೆ ಎಸೆಯುತ್ತಾರೆ ಎಂದೇ ಮೊದಲು ನೋಡುತ್ತೇನೆ.

ದಾವಣಗೆರೆಯ ಹದಡಿ ರಸ್ತೆಯ ಈ ಅಂಗಡಿಗೆ ಹೋದದ್ದು 2022ರಲ್ಲಿ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಅಫ್ಗಾನಿಸ್ತಾನದ ವಿದ್ಯಾರ್ಥಿಯ ಜೊತೆ. ಅವನ ಅಣ್ಣ ಕಂದಹಾರ್‌ನಲ್ಲಿ ಅಮೆರಿಕದ ಸೈನ್ಯಕ್ಕೆ ದುಭಾಷಿಯಾಗಿದ್ದವನು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದ ಮೇಲೆ ಮನೆಯಿಂದ ಮನೆಗೆ ಅಡಗುತ್ತಿದ್ದ. ಅಂಥವರಿಗೆಂದೇ ಅಮೆರಿಕ 2009ರ ಕಾನೂನಿನಡಿ ವಿಶೇಷ ವಲಸೆ ವೀಸಾ ಇಟ್ಟಿತ್ತು. ಕನಿಷ್ಠ ಒಂದು ವರ್ಷದ ಸೇವೆ, ಕೆಲಸ ಕೊಟ್ಟವರ ದೃಢೀಕರಣ, ಅಮೆರಿಕನ್ ಮೇಲಧಿಕಾರಿಯ ಶಿಫಾರಸು ಪತ್ರ ಬೇಕಿತ್ತು. ವೀಸಾ ಕೊಡಿಸಬೇಕಾದ ಆ ಪತ್ರವೇ ತಪಾಸಣೆಯಲ್ಲಿ ಸಿಕ್ಕಿದರೆ ಪ್ರಾಣಕ್ಕೆ ಸಂಚಕಾರ. ಅಣ್ಣ ಎಲ್ಲದರ ಫೋಟೊ ತೆಗೆದು ತಮ್ಮನಿಗೆ ಕಳಿಸಿ, ಮೂಲಪತ್ರಗಳನ್ನು ಒಲೆಗೆ ಹಾಕಿದ್ದನಂತೆ.

ಮೊದಲು ಹೋದ ಬೇರೊಂದು ಅಂಗಡಿಯವನು ಗೋಡೆಯ ಮೇಲಿನ ವಾಟ್ಸ್ಆ್ಯಪ್ ನಂಬರು ತೋರಿಸಿದ. ಹುಡುಗ ಮೊಬೈಲನ್ನು ಜೇಬಿಗಿಳಿಸಿ ಹೊರಗೆ ಬಂದುಬಿಟ್ಟ. ಇಲ್ಲಿನ ಅಕ್ಕ ಕೇಬಲ್ ಹಾಕಿ ಫೋಟೊ ಇಳಿಸಿಕೊಂಡರು. ಮಡಿಕೆಯ ನೆರಳು ತೆಗೆದು, ಅಕ್ಷರ ಮೂಡಿಸಿ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದರು. ತಜ್ಕಿರಾ ಎಂಬ ಅವರ ಗುರುತಿನ ಚೀಟಿಯಲ್ಲಿ ಹುಟ್ಟಿದ ವರ್ಷ 1369 ಎಂದಿತ್ತು. ನಾನು ತಪ್ಪೆಂದೇ ತಿಳಿದೆ. ಅದು ಅವರ ಸೌರ ಪಂಚಾಂಗ, 621 ಕೂಡಿಸಬೇಕು, ವರ್ಷದ ಕೊನೆಯ ತಿಂಗಳುಗಳಾದರೆ 622 ಎಂದ ಹುಡುಗ. ಅಕ್ಕ ತಿಂಗಳು ಕೇಳಿಕೊಂಡೇ 1990 ಎಂದು ಟೈಪ್ ಮಾಡಿದರು.

ಕೆಲಸ ಮುಗಿದ ಮೇಲೆ, ನಾವು ಹೇಳುವ ಮೊದಲೇ ಕಡತ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಪರದೆಯನ್ನು ಹುಡುಗನತ್ತ ತಿರುಗಿಸಿ ತೋರಿಸಿದರು. ಮಸಿ ಹರಡಿದ ಎರಡು ಹಾಳೆಗಳನ್ನೂ ಅವನ ಕೈಗಿಟ್ಟರು. “ನಿನ್ನ ಕಾಗದ ನಿನ್ನ ಹತ್ತಿರವೇ ಇರಲಿ ತಮ್ಮ.” ಇವು ಯಾರ ಕಾಗದ, ಯಾತಕ್ಕೆ ಎಂದು ಕೇಳಲಿಲ್ಲ. ಅಂದು ರಾತ್ರಿ ಆ ಹಾಳೆಗಳು ನಮ್ಮ ಬಚ್ಚಲಿನ ನೀರೊಲೆ ಸೇರಿದವು. ಅರ್ಜಿಗೆ ಪ್ರಕರಣ ಸಂಖ್ಯೆಯೇನೋ ಬಂತು. ಮುಂದಿನ ಒಪ್ಪಿಗೆ ಬರುವ ಮೊದಲೇ ಹುಡುಗ ಓದು ಮುಗಿಸಿ ಊರು ಬಿಟ್ಟ.

ದೂರುಗಳೂ ಇವೆ. ಇರುವ ಒಂದೇ ಕುರ್ಚಿಯ ಮೇಲೆ ಕಾಗದದ ರೀಮು ಕುಳಿತಿರುತ್ತದೆ. ಬಣ್ಣದ ಪ್ರತಿಗೆ ಹತ್ತು ರೂಪಾಯಿ, ನನ್ನ ಪ್ರಕಾರ ಹೆಚ್ಚು. ಕರೆಂಟು ಹೋದರೆ ಯುಪಿಎಸ್ ಐದು ನಿಮಿಷವೂ ತಡೆಯುವುದಿಲ್ಲ, ನಮ್ಮ ಪಿಡಿಎಫ್ ಒಮ್ಮೆ ಹಾಗೆಯೇ ಹೋಯಿತು. ಕಾಲೇಜು ಬಿಡುವ ಹೊತ್ತಿಗೆ ಹೋಗಬೇಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ.