ಟೌನ್‌ಹಾಲ್‌ನಿಂದ ಕೆ.ಎಸ್. ರಾವ್ ರಸ್ತೆವರೆಗೆ: ಅಮ್ಮನ ಜತೆ ಹೋದ ಮತದಾನದ ನಡಿಗೆ

ನಮ್ಮ ಟೌನ್‌ಹಾಲ್‌ನ ಪೂರ್ತಿ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಚಿಕ್ಕಂದಿನಿಂದ ಓದಿದ ಹೆಸರು. ಅಲ್ಲಿ ಯಕ್ಷಗಾನ ನೋಡಿದ್ದೇನೆ, ಅಕ್ಕನ ಮಗಳ ಭರತನಾಟ್ಯ ನೋಡಿದ್ದೇನೆ. ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದವರು ಅಂತ ಪಾಠದಲ್ಲಿ ಓದಿದ್ದೂ ನೆನಪುಂಟು. ಆದರೆ ಅವರ ಮಗಳು ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರೇ ಇಬ್ಬರು ಮಹಿಳೆಯರಲ್ಲಿ ಒಬ್ಬರು ಅಂತ ಗೊತ್ತಾದದ್ದು ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ, ಅದೇ ಟೌನ್‌ಹಾಲ್ ಗೇಟಿನ ಎದುರು ನಿಂತಾಗ.

ಊರಿನ ಕೆಲವು ಗೆಳೆಯ ಗೆಳತಿಯರು ಸೇರಿ ನಡೆಸುವ ನಡಿಗೆ ಇದು. ವಿಷಯ ಒಂದೇ: ಮಂಗಳೂರಿನ ಹೆಂಗಸರಿಗೂ ವೋಟಿಗೂ ಇದ್ದ ನಂಟು. ತಲೆಗೆ 200 ರೂಪಾಯಿ, ಎರಡು ಗಂಟೆ, ಕೊನೆಗೆ ಚಾ, ಬನ್ಸ್. ನಾನು ಅಮ್ಮನನ್ನೂ ಕರಕೊಂಡು ಹೋದೆ. ಅವರಿಗೆ ಅರವತ್ತೆಂಟು ವರ್ಷ, ಮೊಣಕಾಲು ನೋವು ಬೇರೆ. ನಡೆಯುವ ದಾರಿ ಹೆಚ್ಚಿಲ್ಲ, ಟೌನ್‌ಹಾಲ್, ಹಂಪನಕಟ್ಟೆ, ಆಮೇಲೆ ಕೆ.ಎಸ್. ರಾವ್ ರಸ್ತೆ, ಅಷ್ಟೇ. ನಿಲ್ಲುವುದೇ ಜಾಸ್ತಿ. ಅದು ಮೊದಲೇ ಗೊತ್ತಿದ್ದರೆ ಮಡಚುವ ಸ್ಟೂಲ್ ತರುತ್ತಿದ್ದೆ. ವಯಸ್ಸಾದವರನ್ನು ಕರಕೊಂಡು ಹೋಗುವವರು ದಯವಿಟ್ಟು ತನ್ನಿ.

ನಡಿಗೆ ನಡೆಸಿಕೊಟ್ಟ ಅಕ್ಕ ಬಹಳ ಚೆನ್ನಾಗಿ ಮಾತಾಡುತ್ತಾರೆ. ಪಾಠ ಒಪ್ಪಿಸಿದ ಹಾಗೆ ಅಲ್ಲ, ಮನೆಯ ಜಗಲಿಯಲ್ಲಿ ಕೂತು ಹೇಳಿದ ಹಾಗೆ. ಶುರು ಮಾಡಿದ್ದು 1917ರ ಡಿಸೆಂಬರ್‌ನಿಂದ. ಸರೋಜಿನಿ ನಾಯ್ಡು ಮುಂದಾಳಾಗಿ ಮಹಿಳೆಯರ ನಿಯೋಗವೊಂದು ಮದರಾಸಿನಲ್ಲಿ, ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಮಾಂಟೆಗು ಅವರನ್ನು ಕಂಡು ನಮಗೂ ಮತ ಬೇಕು ಅಂತ ಕೇಳಿತು. ಅದರ ಹಿಂದೆ ಓಡಾಡಿದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನವರು, ಅಲ್ಲಿ ಇದೇ ವೋಟಿಗಾಗಿ ಜೈಲಿಗೆ ಹೋಗಿ ಬಂದವರು. ಈ ಮಾರ್ಗರೆಟ್ 1919-20ರಲ್ಲಿ ನಮ್ಮ ಮಂಗಳೂರಿನಲ್ಲಿ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮುಖ್ಯೋಪಾಧ್ಯಾಯಿನಿ ಆಗಿದ್ದರಂತೆ! ನಾನು ಇಷ್ಟು ವರ್ಷ ಇದೇ ಊರಲ್ಲಿ ಇದ್ದೇನೆ, ಯಾರೂ ಹೇಳಿರಲಿಲ್ಲ.

ಆಗ ನಾವು ಮದರಾಸು ಪ್ರಾಂತ್ಯದಲ್ಲಿದ್ದೆವು. ಹೆಂಗಸರಿಗೆ ಮತ ಕೊಡಬೇಕೋ ಬೇಡವೋ ಅನ್ನುವುದನ್ನು ಬ್ರಿಟಿಷ್ ಸರ್ಕಾರ ಆಯಾ ಪ್ರಾಂತ್ಯದ ಸಭೆಗೆ ಬಿಟ್ಟಿತ್ತು, ಪ್ರಾಂತ್ಯಗಳಲ್ಲಿ ಎಲ್ಲರಿಗಿಂತ ಮೊದಲು, 1921ರಲ್ಲಿ, ಹೂಂ ಅಂದದ್ದು ಮದರಾಸು. ಆದರೆ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಚುನಾವಣೆಗೆ ನಿಲ್ಲಲು ದಾರಿಯಾದದ್ದು 1926ರಲ್ಲಿ. ಆ ವರ್ಷವೇ ಮಂಗಳೂರಿನಿಂದ ನಿಂತವರು ಕಮಲಾದೇವಿ ಚಟ್ಟೋಪಾಧ್ಯಾಯ.

ಈ ಭಾಗ ಕೇಳುವಾಗ ನನಗೆ ಮೈ ಜುಂ ಅಂದಿತು. ಕಮಲಾದೇವಿ ಅಂದರೆ ನಮಗೆಲ್ಲ ಕೈಮಗ್ಗ, ಕರಕುಶಲ, ಪದ್ಮವಿಭೂಷಣ ಅಲ್ವಾ? ಇಲ್ಲಿ ನಮ್ಮ ಎದುರು ಬಂದದ್ದು ಇಪ್ಪತ್ತಮೂರು ವರ್ಷದ ಹುಡುಗಿ. 1903ರಲ್ಲಿ ಇದೇ ಮಂಗಳೂರಿನಲ್ಲಿ ಹುಟ್ಟಿದವಳು, ಬಾಲ್ಯದಲ್ಲೇ ಮದುವೆಯಾಗಿ ವಿಧವೆಯಾದವಳು, ಮತ್ತೆ ಮದುವೆಯಾದವಳು. ನಿಲ್ಲು ಅಂತ ಹುರಿದುಂಬಿಸಿದವರು ಅದೇ ಮಾರ್ಗರೆಟ್. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಸೋತದ್ದು ತೀರಾ ಕಡಿಮೆ ಅಂತರದಲ್ಲಿ. ವೋಟು ಹಾಕಿದವರಲ್ಲಿ ಹೆಚ್ಚಿನವರು ಗಂಡಸರೇ, ಅದೂ ಆಸ್ತಿವಂತರು. ಅಂಥವರ ಊರಿನಲ್ಲಿ ಅಷ್ಟು ಹತ್ತಿರ ಬಂದು ಸೋತದ್ದನ್ನು ನಾನು ಸೋಲು ಅಂತ ಒಪ್ಪುವುದಿಲ್ಲ.

ಆಮೇಲೆ ಅಕ್ಕ ಹೇಳಿದ ಇನ್ನೊಂದು ವಿಷಯ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ರಾಧಾಬಾಯಿ ಸುಬ್ಬರಾಯನ್ ಲಂಡನ್ನಿನಲ್ಲಿ ಕೇಳಿದ್ದು ಸ್ವಲ್ಪ ಕಾಲಕ್ಕಾದರೂ ಮಹಿಳೆಯರಿಗೆ ಮೀಸಲು ಸ್ಥಾನ ಬೇಕು ಅಂತ. ಕಮಲಾದೇವಿ ಕಟ್ಟಿ ಬೆಳೆಸಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಕೇಳಿದ್ದು ಮೀಸಲಾತಿ ಬೇಡ, ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ ಅಂತ. ಒಂದೇ ಊರಿನ ಇಬ್ಬರು ಹೆಣ್ಣುಮಕ್ಕಳು, ಒಂದೇ ಗುರಿ, ಎರಡು ದಾರಿ. ರಾಧಾಬಾಯಿ ಮುಂದೆ ಲೋಥಿಯನ್ ಸಮಿತಿಯಲ್ಲಿ ಕೂತು ಯಾರಿಗೆಲ್ಲ ಮತ ಕೊಡಬೇಕು ಅನ್ನುವ ಲೆಕ್ಕಾಚಾರದಲ್ಲಿ ಪಾಲು ಪಡೆದರು. 2023ರಲ್ಲಿ ಮಹಿಳಾ ಮೀಸಲಾತಿ ಕಾಯ್ದೆ ಬಂದಾಗ ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನೋಡಿದ್ದೆ. ಆ ಚರ್ಚೆಯ ಬೇರು ನಮ್ಮ ಊರಿನ ಎರಡು ಮನೆಗಳಲ್ಲೂ ಉಂಟು ಅಂತ ಆಗ ಯಾರಿಗೆ ಗೊತ್ತಿತ್ತು?

ಹಂಪನಕಟ್ಟೆಯಲ್ಲಿ ನಿಂತದ್ದು ಮಾತ್ರ ಸರಿಯಾಗಲಿಲ್ಲ. ಏಳು ಗಂಟೆಗೇ ಬಸ್ಸುಗಳ ಹಾರ್ನ್ ಶುರು. ಹಿಂದೆ ನಿಂತ ಏಳೆಂಟು ಜನರಿಗೆ ಎಂತದೂ ಕೇಳಲಿಲ್ಲ. ಸಣ್ಣ ಮೈಕ್ ಒಂದು ಬೇಕೇ ಬೇಕು. ಇಲ್ಲದಿದ್ದರೆ ಈ ಭಾಗವನ್ನು ಟೌನ್‌ಹಾಲ್ ಹತ್ತಿರವೇ ಮುಗಿಸಿ ಬರಬಹುದು.

ಕೆ.ಎಸ್. ರಾವ್ ರಸ್ತೆಯಲ್ಲಿ ನಡೆಯುತ್ತಾ ಕಾರ್ನಾಡ್ ಸದಾಶಿವರಾಯರ ಕಥೆ ಬಂತು. ಬೆಂಗಳೂರಿನ ಸದಾಶಿವನಗರವೂ ಅವರದೇ ಹೆಸರು. 1911ರಲ್ಲೇ ಇಲ್ಲಿ ಮಹಿಳಾ ಸಭಾ ಶುರು ಮಾಡಿದವರು, ಇದ್ದ ಆಸ್ತಿಯೆಲ್ಲ ದೇಶದ ಕೆಲಸಕ್ಕೆ ಕರಗಿಸಿ 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ನಾವು ಬಟ್ಟೆ ತೆಗೆಯಲು, ಐಸ್‌ಕ್ರೀಂ ತಿನ್ನಲು ಹೋಗುವ ರಸ್ತೆ ಅದು. ಈ ಭಾಗವನ್ನು ಸ್ವಲ್ಪ ಬೇಗ ಬೇಗ ಮುಗಿಸಿದರು. ಮಹಿಳಾ ಸಭೆಗೆ ಬರುತ್ತಿದ್ದ ಹೆಂಗಸರ ಬಗ್ಗೆ ಇನ್ನೂ ಕೇಳುವ ಆಸೆ ಇತ್ತು.

ಅಷ್ಟರಲ್ಲಿ ಅಮ್ಮ ಒಂದು ಪ್ರಶ್ನೆ ಕೇಳಿದರು. "ನಮ್ಮದು ಅಳಿಯಕಟ್ಟಿನ ಮನೆ ಮಗಾ. ಆಸ್ತಿ ಬರುವುದೇ ಹೆಂಗಸರ ಕಡೆಯಿಂದ. ಆಸ್ತಿ ಇದ್ದವರಿಗೆ ವೋಟು ಅಂದಿ ಅಲ್ಲ, ಹಾಗಾದರೆ ನನ್ನ ಅಜ್ಜಿಗೆ ಆ ಕಾಲದಲ್ಲಿ ವೋಟು ಇತ್ತಾ?"

ಅಕ್ಕ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಆಂಟಿ, ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ, ಹುಡುಕಿ ಹೇಳುತ್ತೇನೆ," ಅಂದರು. ಸುಮ್ನೆ ಏನಾದರೂ ಹೇಳಿ ಜಾರಿಕೊಳ್ಳಲಿಲ್ಲ, ಅದು ನನಗೆ ಇಷ್ಟವಾಯಿತು. ಆದರೆ ತುಳುನಾಡಿನಲ್ಲಿ ಮಾಡುವ ನಡಿಗೆಯಲ್ಲಿ ಈ ಮಾತು ಮೊದಲೇ ಇರಬೇಕಿತ್ತು. ಆಸ್ತಿ ಹೆಣ್ಣಿನ ಸಂತಾನದ್ದಾದರೂ ನಮ್ಮ ಮನೆಯಲ್ಲಿ ತೀರ್ವೆ ಕಟ್ಟುವುದು, ಲೆಕ್ಕಪತ್ರ ಎಲ್ಲ ಯಜಮಾನನಾದ ಮಾವನ ಕೈಯಲ್ಲೇ ಇತ್ತು ಅಂತ ಅಮ್ಮ ದಾರಿಯುದ್ದಕ್ಕೂ ಪಕ್ಕದವರಿಗೆ ಹೇಳುತ್ತಿದ್ದರು.

ಕೊನೆಯ ನಿಲುಗಡೆ ಒಂದು ಮರದ ನೆರಳಲ್ಲಿ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತಂತೆ. ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಲೇ ಬರೆಸಿದರು. ಹಾಗೆ ಬರೆದರೆ ವೋಟಿಲ್ಲ ಅಂತ ಆಯೋಗ ಹೇಳಿತು. ಇದನ್ನು ಹೇಳಿ ಅಕ್ಕ ನಮ್ಮೆಲ್ಲರ ಕೈಗೆ ಒಂದೊಂದು ಸಣ್ಣ ಪುಸ್ತಕ ಕೊಟ್ಟರು. ಕಡೆಯ ಪುಟ ಖಾಲಿ. ನಿಮ್ಮ ಮನೆಯಲ್ಲಿ ಮೊದಲು ವೋಟು ಹಾಕಿದ ಹೆಂಗಸಿನ ಹೆಸರು ಬರೆಯಿರಿ ಅಂದರು.

ಅಮ್ಮ ತಮ್ಮ ಅಮ್ಮನ ಹೆಸರು ತಕ್ಷಣ ಬರೆದರು. ಅಜ್ಜಿ ವೋಟಿನ ದಿನ ಪೆಟ್ಟಿಗೆಯ ಸೀರೆ ಉಟ್ಟು ಹೋಗುತ್ತಿದ್ದುದು ನನಗೂ ನೆನಪುಂಟು. ಅದಕ್ಕೂ ಹಿಂದಿನ ಅಜ್ಜಿಯ ಹೆಸರು, 1926ರಲ್ಲಿ ಮನೆಯಲ್ಲಿದ್ದವರದ್ದು, ಅಮ್ಮನಿಗೆ ನೆನಪಾಗಲಿಲ್ಲ. ಎಲ್ಲರೂ ದೊಡ್ಡಪ್ಪೆ ಅಂತಲೇ ಕರೆಯುತ್ತಿದ್ದರಂತೆ. ಅಲ್ಲೇ ನಿಂತು ಉಡುಪಿಯ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಅವರಿಗೂ ಗೊತ್ತಿಲ್ಲ. ಚಾ ಆರಿ ಹೋಯಿತು, ಅಮ್ಮ ಇನ್ನೂ ಫೋನಿನಲ್ಲೇ ಇದ್ದರು.

ಪುಸ್ತಕದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಚೆನ್ನಾಗಿ ಬರೆದಿದ್ದಾರೆ, ಅಕ್ಷರ ಮಾತ್ರ ತೀರಾ ಸಣ್ಣದು. ನಡಿಗೆಗೆ ಬರುವವರಲ್ಲಿ ಅರ್ಧಕ್ಕರ್ಧ ಕನ್ನಡಕದವರು, ಸ್ವಲ್ಪ ದೊಡ್ಡದು ಮಾಡಿ. ಬನ್ಸ್ ಬಿಸಿ ಇತ್ತು. ದುಡ್ಡಿಗೆ ಮೋಸ ಇಲ್ಲ, ನಾನಂತೂ ಇನ್ನೊಮ್ಮೆ ಹೋಗುತ್ತೇನೆ, ಈ ಸಲ ಮಗಳನ್ನೂ ಕರಕೊಂಡು. ಅವಳಿಗೆ ಈ ವರ್ಷ ಹದಿನೆಂಟು ತುಂಬುತ್ತದೆ. ಅಮ್ಮನೂ ಬರುತ್ತಾರಂತೆ, ಅಳಿಯಕಟ್ಟಿನ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂತ ಕೇಳಲು.